ರೀಲ್ಸ್ ಬಿಟ್ಟು ಪೂರ್ತಿ ಸಿನಿಮಾ: ಭಾನುವಾರ ಮನೆಮಂದಿಗೆಲ್ಲ ಯಾವ ಹಳೇ ಕಾಮಿಡಿ ಹಾಕಲಿ?

ಗಂಜ್ ಹುಡುಗ, ಕಲಬುರಗಿ

ನೇರ ವಿಷಯಕ್ಕೆ ಬರುತ್ತೇನೆ. ಬರುವ ಭಾನುವಾರ ನಮ್ಮ ಮನೆಯಲ್ಲಿ ಮಂದಿ ಸೇರುತ್ತಾರೆ. ಬೀದರ್‌ನಿಂದ ಮಾವನ ಮನೆಯವರು, ಆಳಂದದಿಂದ ಅತ್ತೆ, ಸೇಡಂನಿಂದ ತಂಗಿ ಮತ್ತು ಅವಳ ಗಂಡ. ಈ ಬಿಸಿಲಲ್ಲಿ ಸಂಜೆ ಐದರ ತನಕ ಹೊರಗೆ ಕಾಲಿಡುವ ಹಾಗಿಲ್ಲ. ಊಟ ಆದ ಮೇಲೆ ಎಲ್ಲರೂ ಕೂಲರ್ ಮುಂದೆ ಕೂತು ಫೋನ್ ತೆಗೆಯುತ್ತಾರೆ. ಒಬ್ಬೊಬ್ಬರದು ಒಂದೊಂದು ರೀಲ್, ಒಂದರ ಸೌಂಡ್ ಮೇಲೆ ಇನ್ನೊಂದು, ಯಾರು ಯಾತಕ್ಕೆ ನಗುತ್ತಿದ್ದಾರೆ ಅಂತ ಪಕ್ಕದವರಿಗೂ ಗೊತ್ತಿರಲ್ಲ. ಅದಕ್ಕೇ ಟಿವಿಯಲ್ಲಿ ಯೂಟ್ಯೂಬ್ ಹಾಕಿ ಒಂದು ಹಳೇ ಕಾಮಿಡಿ ಸಿನಿಮಾ ಪೂರ್ತಿ ನೋಡೋಣ ಅಂತ ಯೋಚನೆ.

ನಾನೇನು ರೀಲ್ಸ್ ವಿರೋಧಿ ಅಲ್ಲ. ದಾಲ್ ಮಿಲ್‌ನಲ್ಲಿ ದಿನವಿಡೀ ಲೆಕ್ಕ ಬರೆದು ಬಂದ ಮೇಲೆ ನನಗೂ ಅದೇ ಬೇಕು. ಅನಂತ್ ನಾಗ್, ಉಮೇಶ್, ಟೆನ್ನಿಸ್ ಕೃಷ್ಣ, ಸಾಧು ಕೋಕಿಲ... ಹೆಬ್ಬೆರಳು ತಾನಾಗೇ ಓಡುತ್ತಿರುತ್ತದೆ. "ಒಬ್ರೇ ನಗ್ಲಕತ್ತೀರಲ್ಲ, ಏನಾಗ್ಯಾದ್ರಿ ನಿಮಗ?" ಅಂತ ಮನೆಯವಳು ಕೇಳುತ್ತಾಳೆ. ಅವಳಿಗೆ ತೋರಿಸೋಣ ಅಂದರೆ ಅಷ್ಟರಲ್ಲಿ ಆ ರೀಲ್ ಮೇಲೆ ಹೋಗಿ ಎಲ್ಲೋ ಕಳೆದಿರುತ್ತದೆ.

ಷರತ್ತು ಇಷ್ಟೇ. ಅಪ್ಪಾಜಿ ಮುಂದೆ ತಲೆ ತಗ್ಗಿಸುವಂಥ ಡೈಲಾಗ್ ಇರಬಾರದು. ಹುಡುಗರು ಅರ್ಧಕ್ಕೆ ಎದ್ದು ಹೋಗಬಾರದು. ಹೇಳಿ ನೋಡೋಣ.

ಬ್ರಹ್ಮಪುರದ ಅಕ್ಕ

ಇದರಲ್ಲಿ ಯೋಚನೆ ಮಾಡೋದೇನಿದೆ ತಮ್ಮಾ, 'ಗಣೇಶನ ಮದುವೆ' ಹಾಕು. 1990ರ ಸಿನಿಮಾ, ಫಣಿ ರಾಮಚಂದ್ರ ಮಾಡಿದ್ದು. ಒಂದು ವಠಾರ, ಅದರ ಮಾಲೀಕರಾಗಿ ಮುಖ್ಯಮಂತ್ರಿ ಚಂದ್ರು, ಬಾಡಿಗೆಗೆ ಇರೋ ಅನಂತ್ ನಾಗ್, ಮಾಲೀಕರ ಮಗಳು ವಿನಯಾ ಪ್ರಸಾದ್. ಹಗಲು ಇವರಿಬ್ಬರೂ ಮುಖ ಕಂಡರೆ ಆಗಲ್ಲ. ಆದರೆ ರೇಡಿಯೊ ಹಾಡು ಮತ್ತು ಪತ್ರದ ಮೂಲಕ ಬೇರೆ ಹೆಸರಲ್ಲಿ ಒಬ್ಬರಿಗೊಬ್ಬರು ಮನಸ್ಸು ಕೊಟ್ಟಿರುತ್ತಾರೆ. ನೋಡುವ ನಮಗೆ ಗೊತ್ತು, ಅವರಿಗೆ ಗೊತ್ತಿಲ್ಲ. ಎರಡೂವರೆ ತಾಸು ಅದರ ಮೇಲೇ ನಡೆಯುತ್ತದೆ.

ನನಗೆ ಅದು ಯಾಕೆ ಇಷ್ಟ ಅಂದರೆ ಅದರಲ್ಲಿ ಕೆಟ್ಟವರೇ ಇಲ್ಲ. ಜಗಳ ಇದೆ, ಜಿಪುಣತನ ಇದೆ, ಹಟ ಇದೆ, ಆದರೆ ಯಾರನ್ನೂ ದ್ವೇಷ ಮಾಡಬೇಕು ಅನ್ನಿಸಲ್ಲ. ಈಗಿನ ಸೀರಿಯಲ್‌ನಲ್ಲಿ ಒಂದು ಲೋಟ ಹಾಲಲ್ಲೂ ವಿಷ ಇರುತ್ತದೆ. ದಿನಾ ಅದನ್ನು ನೋಡಿ ನೋಡಿ ಸಾಕಾಗಿ ನಾನು ವಠಾರಕ್ಕೇ ವಾಪಸ್ ಹೋಗುತ್ತೇನೆ.

ಶಹಾಬಾದ್ ಪರಸಿ

ಗಣೇಶನ ಮದುವೆಗೆ ನನ್ನದೂ ಒಂದು ಓಟು. ಮುಂದಿನವರು ಬರಲಿ.

ಬೀದರ್ ಭಾಯ್

ಅರೆ ಭಾಯ್, ಬೀದರ್ ಮಾವನ ಮನೆಯವರನ್ನು ಕರೆಸಿ ವಠಾರ ತೋರಿಸುತ್ತೀರಾ? 'ದಿ ಅಂಗ್ರೇಜ್' ಹಾಕಿ. ಹೈದರಾಬಾದ್ ಹಳೇ ಪೇಟೆಯ ಇಸ್ಮಾಯಿಲ್ ಭಾಯ್, ಸಲೀಂ ಫೇಕು. ಚಾರ್ಮಿನಾರ್ ಹತ್ತಿರ ಚಹಾ ಕುಡಿಯುತ್ತಾ ಸುಳ್ಳಿನ ಮೇಲೆ ಸುಳ್ಳು ಕಟ್ಟೋದು. ಆ ದಖನಿ ಮಾತು ನಮ್ಮ ಗವಾನ್ ಚೌಕದಲ್ಲಿ ನಿಂತು ಕೇಳಿದ ಹಾಗೇ ಇದೆ. ಅದು ಬಂದಾಗ ಸಿ.ಡಿ. ಕೈಯಿಂದ ಕೈಗೆ ಓಡಾಡಿ ಗೀರು ಬಿದ್ದು, ಮುಖ್ಯ ಸೀನ್‌ನಲ್ಲೇ ನಿಂತುಬಿಡುತ್ತಿತ್ತು. ನಿಂತ ಕಡೆಯಿಂದ ಮುಂದಿನ ಡೈಲಾಗ್ ಅನ್ನು ನಾವೇ ಹೇಳುತ್ತಿದ್ದೆವು.

ಮುಂಬೈ ಕಾಮಿಡಿ, ಬೆಂಗಳೂರು ಕಾಮಿಡಿ ಎಲ್ಲಾ ಸರಿ. ನಮ್ಮ ಕಡೆ ಗೆಳೆಯರು ಕಟ್ಟೆ ಮೇಲೆ ಕೂತು ಬಿಡುವ ಬಡಾಯಿಯನ್ನು ಹಾಗೇ ಎತ್ತಿ ತೆರೆ ಮೇಲೆ ಇಟ್ಟಿದ್ದು ಆ ಸಿನಿಮಾ ಒಂದೇ.

ಗಂಜ್ ಹುಡುಗ, ಕಲಬುರಗಿ

ಭಾಯ್, ನಿಮ್ಮ ಮಾತು ಖರೆ. ಆದರೆ ಅದರಲ್ಲಿ ಬೈಗುಳ ಜಾಸ್ತಿ. ಅಪ್ಪಾಜಿ ಐದು ನಿಮಿಷದಲ್ಲಿ ಎದ್ದು ಶರಣಬಸವೇಶ್ವರ ಗುಡಿಗೆ ಹೋಗಿಬಿಡುತ್ತಾರೆ, ಈ ಬಿಸಿಲಲ್ಲೇ.

ಬೀದರ್ ಭಾಯ್

ಹಾಗಾದರೆ ಅಪ್ಪಾಜಿ ಮಲಗಿದ ಮೇಲೆ ಹಾಕಿ.

ಮದುವೆ ವಿಡಿಯೊದವ, ಯಾದಗಿರಿ

ನಾನು ಎಡಿಟಿಂಗ್ ಮಾಡಿ ಹೊಟ್ಟೆ ಹೊರೆಯುವವ. ಈ ರೀಲ್ಸ್ ವಿಷಯದಲ್ಲಿ ಯಾರೂ ಹೇಳದ ಒಂದು ಮಾತಿದೆ, ಅದನ್ನು ಹೇಳಿಬಿಡುತ್ತೇನೆ.

ಸಿನಿಮಾ ಚೌಕಟ್ಟು ಅಡ್ಡ, ಫೋನ್ ಚೌಕಟ್ಟು ಉದ್ದ. ಅಡ್ಡ ಇರೋ ಚಿತ್ರವನ್ನು ಉದ್ದಕ್ಕೆ ಕೂಡಿಸಬೇಕಾದರೆ ಎರಡೂ ಕಡೆ ಕತ್ತರಿಸಲೇಬೇಕು. ಕತ್ತರಿಸುವವ ಏನು ಮಾಡುತ್ತಾನೆ? ಮಾತಾಡುತ್ತಿರುವವನ ಮುಖ ಇಟ್ಟುಕೊಂಡು ಉಳಿದದ್ದನ್ನು ಬಿಡುತ್ತಾನೆ. ಇಲ್ಲೇ ಕೆಲಸ ಕೆಡೋದು. ಹಳೇ ಕಾಮಿಡಿಯಲ್ಲಿ ನಗು ಇರೋದು ಮಾತಾಡುವವನ ಮುಖದಲ್ಲಿ ಅಲ್ಲ, ಕೇಳಿಸಿಕೊಳ್ಳುವವನ ಮುಖದಲ್ಲಿ. ಇಬ್ಬರು ಎದುರುಬದುರು ನಿಂತು ಜಗಳ ಆಡುವ ಯಾವ ಸೀನ್ ಬೇಕಾದರೂ ತಗೊಳ್ಳಿ. ಒಬ್ಬ ಚುಚ್ಚುತ್ತಾನೆ. ಇನ್ನೊಬ್ಬನಿಗೆ ಅದು ಹೊಳೆಯೋಕೆ ಒಂದು ಗಳಿಗೆ ಬೇಕು. ಮೊದಲು ಹೂಂ ಅಂತಾನೆ, ಆಮೇಲೆ ಕಣ್ಣು ಅಗಲ ಆಗುತ್ತದೆ, ಆಮೇಲೆ ಬಾಯಿ ತೆರೆಯುತ್ತಾನೆ, ಮಾತು ಹೊರಡಲ್ಲ. ಪಕ್ಕದಲ್ಲಿ ನಿಂತ ಮೂರನೆಯವ ನಗಬೇಕೋ ಬೇಡವೋ ಅಂತ ತುಟಿ ಕಚ್ಚಿಕೊಂಡಿರುತ್ತಾನೆ. ರೀಲ್‌ನಲ್ಲಿ ಆ ಮೂರನೆಯವ ಹೋದ, ಆ ಗಳಿಗೆಯೂ ಹೋಯಿತು. ಯಾಕೆಂದರೆ ಗಳಿಗೆ ಖಾಲಿ ಬಿಟ್ಟರೆ ಜನ ಮೇಲೆ ತಳ್ಳಿಬಿಡುತ್ತಾರೆ ಅನ್ನೋ ಹೆದರಿಕೆ. ಅಲ್ಲಿಗೆ ಒಂದು ಹಾಹಾ ಸೌಂಡ್ ಹಾಕಿ, ನಗೋ ಮುಖದ ಚಿತ್ರ ಅಂಟಿಸುತ್ತಾರೆ.

ಸುಮ್ನೆ ಒಂದು ಸಲ ಮಾಡಿ ನೋಡಿ. ಯಾವುದಾದರೂ ರೀಲ್ ನೋಡಿ, ಆಮೇಲೆ ಅದೇ ಸೀನ್ ಅನ್ನು ಪೂರ್ತಿ ಸಿನಿಮಾದಲ್ಲಿ ಹುಡುಕಿ ಮಾತಾಡದೇ ಇರುವವರನ್ನು ಮಾತ್ರ ನೋಡುತ್ತಾ ಹೋಗಿ. ಬ್ಯಾಂಕ್ ಜನಾರ್ದನ್, ಕರಿಬಸವಯ್ಯ, ಮಂಡ್ಯ ರಮೇಶ್ ಇವರೆಲ್ಲ ಮಾತಿಲ್ಲದ ಜಾಗದಲ್ಲಿ ಎಷ್ಟು ಕೆಲಸ ಮಾಡಿದ್ದಾರೆ ಅಂತ ಆಗ ಗೊತ್ತಾಗುತ್ತದೆ.

ಹಾಸ್ಟೆಲ್ ಹುಡುಗಿ, ಸೇಡಂ ರೋಡ್

ಅಣ್ಣಾ, ನೀವು ಹೇಳಿದ್ದು ಸರಿ ಇರಬಹುದು, ಆದರೆ ಎಲ್ಲಾ ತಪ್ಪನ್ನೂ ರೀಲ್ಸ್ ತಲೆಗೆ ಕಟ್ಟಬೇಡಿ. ನರಸಿಂಹರಾಜು ಅಂದರೆ ಯಾರು ಅಂತ ನನಗೆ ಗೊತ್ತಾಗಿದ್ದೇ ರೀಲ್‌ನಿಂದ. ಒಂದು ತುಣುಕು ಬಂತು, ಆ ಹಲ್ಲು, ಆ ನಡಿಗೆ ನೋಡಿ ನಗು ತಡೆಯೋಕಾಗಲಿಲ್ಲ. ಕೆಳಗೆ ಕಾಮೆಂಟ್‌ನಲ್ಲಿ ಯಾರೋ 'ಸತ್ಯ ಹರಿಶ್ಚಂದ್ರ' ಅಂತ ಬರೆದಿದ್ದರು. ಅಷ್ಟು ಅಳಿಸುವ ಕತೆಯಲ್ಲಿ ನಕ್ಷತ್ರಿಕನಾಗಿ ಬಂದು ರಾಜನನ್ನು ಗೋಳು ಹೊಯ್ದುಕೊಳ್ಳುವವರು ಇವರೇ ಅಂತ ಗೊತ್ತಾಗಿ, ರೂಮಿನವರೆಲ್ಲ ಕೂತು ಪೂರ್ತಿ ನೋಡಿದೆವು. ಮನೆಯಲ್ಲಿ ಅವ್ವ ನನಗೆ "ನಕ್ಷತ್ರಿಕಳ ಹಂಗ ಬೆನ್ನು ಹತ್ತಬೇಡ" ಅಂತ ಯಾಕೆ ಬೈಯುತ್ತಿದ್ದಳು ಅಂತಲೂ ಅವತ್ತೇ ತಿಳೀತು.

ಇನ್ನೊಂದು. ನಾವು ಗೆಳತಿಯರು "ಹೆಂಗಿದ್ದೀ, ಊಟ ಆಯ್ತಾ" ಅಂತ ಮೆಸೇಜ್ ಮಾಡಲ್ಲ. ಒಂದು ಕಾಮಿಡಿ ರೀಲ್ ಕಳಿಸುತ್ತೇವೆ. ಅವಳು ಒಂದು ವಾಪಸ್ ಕಳಿಸಿದರೆ ಆರಾಮ ಇದ್ದಾಳೆ ಅಂತ ಅರ್ಥ. ಪರೀಕ್ಷೆ ಟೈಮ್‌ನಲ್ಲಿ ಒಬ್ಬಳು ಎರಡು ದಿನ ಏನೂ ಕಳಿಸಲಿಲ್ಲ ಅಂತ ಫೋನ್ ಮಾಡಿದರೆ ಜ್ವರ ಬಂದು ಮಲಗಿದ್ದಳು. ಇದನ್ನು ಹಾಳು ಚಟ ಅಂತ ಅನ್ನೋದಾದರೆ ಅನ್ನಿ.

ನಿವೃತ್ತ ಮಾಸ್ತರ, ಚಿತ್ತಾಪುರ ತಾಲೂಕು

ಮಗಳೇ, ನರಸಿಂಹರಾಜು ಹೆಸರು ನಿನ್ನ ಬಾಯಲ್ಲಿ ಕೇಳಿ ಖುಷಿಯಾಯಿತು. 1954ರ 'ಬೇಡರ ಕಣ್ಣಪ್ಪ' ಅವರ ಮೊದಲ ಸಿನಿಮಾ, ರಾಜಕುಮಾರ್ ಅವರು ನಾಯಕರಾದದ್ದೂ ಅದರಲ್ಲೇ. ಇಬ್ಬರೂ ನಾಟಕ ಕಂಪನಿಯಿಂದ ಬಂದವರು. ಹಿಂದಿನ ಸಾಲಿನಲ್ಲಿ ಕೂತವನಿಗೂ ಮುಖ ಕಾಣಬೇಕು, ಮಾತು ಕೇಳಬೇಕು ಅನ್ನೋದು ಅವರ ಮೈಯಲ್ಲೇ ಇತ್ತು. ನಮ್ಮ ಶರಣಬಸವೇಶ್ವರ ಜಾತ್ರೆಗೆ ಬರುವ ಕಂಪನಿ ನಾಟಕಗಳಲ್ಲಿ ನೋಡಿ, ನಾಯಕ ಯಾರು ಅಂತ ಮಂದಿ ಮರೆಯುತ್ತಾರೆ, ಹಾಸ್ಯಪಾತ್ರದವನ ಹೆಸರು ಹೇಳಿ ಮಾರನೇ ವರ್ಷ "ಅವ ಬಂದಾನೇನು" ಅಂತ ಕೇಳುತ್ತಾರೆ.

ಟಿವಿ ಬಗ್ಗೆ ಒಂದು ಮಾತು. ಈಗಿನವರಿಗೆ ಹೇಳಿದರೆ ನಂಬಲ್ಲ, ಬೆಂಗಳೂರಿಗಿಂತ ಮೊದಲು ಟಿವಿ ಬಂದದ್ದು ನಮ್ಮ ಕಡೆ. 1975-76ರಲ್ಲಿ ಉಪಗ್ರಹದಿಂದ ಹಳ್ಳಿಗೆ ಟಿವಿ ತೋರಿಸುವ ಸೈಟ್ ಪ್ರಯೋಗ ನಡೆಯಿತು. ಆರು ರಾಜ್ಯದ 2400 ಹಳ್ಳಿ, ಅದರಲ್ಲಿ ಆಗಿನ ಗುಲಬರ್ಗಾ ಜಿಲ್ಲೆಯ ಹಳ್ಳಿಗಳೂ ಇದ್ದವು. 1977ರಲ್ಲಿ ಇಲ್ಲೇ ದೂರದರ್ಶನ ಕೇಂದ್ರ ಶುರುವಾಯಿತು. ಬೆಂಗಳೂರಿನದು 1981ರಲ್ಲಿ. ನಾವು ಬಿತ್ತನೆ, ಗೊಬ್ಬರ, ದನದ ರೋಗ ಎಲ್ಲವನ್ನೂ ಸುಮ್ಮನೆ ಕೂತು ನೋಡುತ್ತಿದ್ದೆವು, ನಡುವೆ ಎಲ್ಲಾದರೂ ಒಂದು ನಗೆ ಪ್ರಸಂಗ ಬಂದೀತು ಅನ್ನೋ ಆಸೆಗೆ. ಹಿಂದೆ ನಿಂತ ಹಿರಿಯರೊಬ್ಬರು ಜೋರಾಗಿ ನಕ್ಕರೆ ತಿಳಿಯದ ಹುಡುಗರೂ ನಗುತ್ತಿದ್ದೆವು. ಅರ್ಧ ನಗು ಟಿವಿಯದು, ಅರ್ಧ ಪಕ್ಕದವನದು.

ಅದಕ್ಕೇ ಹೇಳೋದು, ಭಾನುವಾರ ಯಾವ ಸಿನಿಮಾ ಅನ್ನೋದು ಎರಡನೇ ಮಾತು. ಎಲ್ಲರ ಮುಖ ಒಂದೇ ಕಡೆ ಇರುವ ಹಾಗೆ ಕೂಡಿಸಿ. ಫೋನ್ ಕಸಿದುಕೊಳ್ಳಲು ಹೋಗಬೇಡಿ, ಜಗಳ ಆಗುತ್ತದೆ. ಒಂದು ಪರಾತ ತುಂಬಾ ಸುಸ್ಲಾ ಮಾಡಿ ನಡುವೆ ಇಟ್ಟರೆ ಕೈ ತಾನೇ ಖಾಲಿ ಆಗಬೇಕಾಗುತ್ತದೆ.

ಗಡಿಯವ, ಆಳಂದ

ಸುಸ್ಲಾ ಐಡಿಯಾ ಭಾರಿ ಇದೆ ಸರ.

ಗಂಜ್ ಅಣ್ಣ, ನಿಮ್ಮ ಆಳಂದದ ಅತ್ತೆ ಮರಾಠಿ ನೋಡುವವರಾದರೆ ಅವರನ್ನು ಕೇಳಿ, 'ಅಶೀ ಹೀ ಬನವಾ ಬನವೀ' ಬಾಯಿಪಾಠ ಇರುತ್ತದೆ. 1988ರದ್ದು. ಅಶೋಕ್ ಸರಾಫ್, ಲಕ್ಷ್ಮೀಕಾಂತ್ ಬೇರ್ಡೆ, ಸಚಿನ್, ಸಿದ್ಧಾರ್ಥ್ ರೇ. ಮದುವೆ ಆಗದ ಹುಡುಗರಿಗೆ ಪುಣೆಯಲ್ಲಿ ಬಾಡಿಗೆ ಮನೆ ಸಿಗಲ್ಲ ಅಂತ ಇಬ್ಬರು ಸೀರೆ ಉಟ್ಟು ಹೆಂಡತಿಯರಾಗಿ ಬರುತ್ತಾರೆ. ಮುಂದೆ ಏನೇನು ಫಜೀತಿ ಅಂತ ನೀವೇ ಊಹಿಸಿ.

ಈಗ ತಮಾಷೆ ಕೇಳಿ. ಅದೇ ಕತೆ 1991ರಲ್ಲಿ ತೆಲುಗಿಗೆ 'ಚಿತ್ರಂ ಭಳಾರೇ ವಿಚಿತ್ರಂ' ಆಗಿ ಹೋಯಿತು, ನರೇಶ್ ಮತ್ತು ಬ್ರಹ್ಮಾನಂದಂ ಇದ್ದಾರೆ. 2003ರಲ್ಲಿ ಕನ್ನಡಕ್ಕೆ 'ಓಳು ಸಾರ್ ಬರೀ ಓಳು' ಅಂತ ಬಂತು. ಎಲ್ಲಕ್ಕೂ ಬೇರು 1966ರ ಹಿಂದಿ, ಹೃಷಿಕೇಶ್ ಮುಖರ್ಜಿಯವರ 'ಬೀವಿ ಔರ್ ಮಕಾನ್'. ಅಂದರೆ ನಿಮ್ಮ ಅತ್ತೆ ಮರಾಠಿಯಲ್ಲಿ ನಕ್ಕಿದ್ದಕ್ಕೇ ಸೇಡಂ ಭಾವ ತೆಲುಗಿನಲ್ಲಿ ನಕ್ಕಿದ್ದಾರೆ, ನೀವು ಕನ್ನಡದಲ್ಲಿ ನಕ್ಕಿದ್ದೀರಿ. ಒಂದೇ ಸೀರೆಯನ್ನು ಮೂರು ಮನೆಯವರು ಉಟ್ಟ ಹಾಗೆ. ಬೆಂಗಳೂರು ಮಂದಿಗೆ ಈ ಭಾಗ್ಯ ಎಲ್ಲಿ? ನಾವು ಮೂರನ್ನೂ ನೋಡಿ ಯಾವುದು ಚಂದ ಅಂತ ಜಗಳ ಮಾಡಬಹುದು.

ನನ್ನ ಓಟು ಮರಾಠಿಗೆ. ಕಾರಣ ಕೇಳಬೇಡಿ, ಕಾರಣದ ಹೆಸರು ಲಕ್ಷ್ಮೀಕಾಂತ್ ಬೇರ್ಡೆ.

ಗುರುಮಿಠಕಲ್ ಗುಂಡ

ಬ್ರಹ್ಮಾನಂದಂ ಇರುವಾಗ ಬೇರೆ ಮಾತೇ ಇಲ್ಲ. ಜಂಧ್ಯಾಲ ಅವರ 'ಅಹ ನಾ ಪೆಳ್ಳಂಟ' ನೋಡಿ, 1987ರದ್ದು. ಕೋಟ ಶ್ರೀನಿವಾಸ ರಾವ್ ಅವರ ಜಿಪುಣತನದ ಮುಂದೆ ನಿಮ್ಮ ವಠಾರದ ಮಾಲೀಕರು ದಾನಶೂರ ಕರ್ಣ. ಚಾವಣಿಗೆ ಕೋಳಿ ನೇತುಹಾಕಿ, ಅದನ್ನು ನೋಡುತ್ತಾ ಬರೀ ಅನ್ನ ಉಣ್ಣೋದು! ಇವತ್ತಿಗೂ ನಮ್ಮ ಕಡೆ ಯಾರಾದರೂ ಕೈ ಬಿಗಿ ಹಿಡಿದರೆ "ಕೋಳಿ ಕಟ್ಟೀಯೇನೋ ಮನ್ಯಾಗ?" ಅಂತ ಕೇಳುತ್ತೇವೆ.

ಶಹಾಬಾದ್ ಪರಸಿ

ಕನ್ನಡದವರು ಕನ್ನಡ ಸಿನಿಮಾ ಹೇಳ್ರಪ್ಪ.

ಹಾಸ್ಟೆಲ್ ಹುಡುಗಿ, ಸೇಡಂ ರೋಡ್

ಕನ್ನಡ ಸಿನಿಮಾ ಅಂದಾಗ ನನ್ನದೊಂದು ತಕರಾರು ಇದೆ. ಹಳೇ ಕಾಮಿಡಿಯಲ್ಲಿ ನಮ್ಮ ಕಡೆ ಮಾತು ಬಂದರೆ ಅದು ಆಳಿನ ಬಾಯಲ್ಲಿ, ಇಲ್ಲಾ ದಾರಿ ತಪ್ಪಿ ಬೆಂಗಳೂರಿಗೆ ಬಂದ ಹಳ್ಳಿಗನ ಬಾಯಲ್ಲಿ. ಅವ ಬಾಯಿ ತೆರೆದರೇ ನಗಬೇಕು, ಏನು ಹೇಳಿದ ಅನ್ನೋದು ಮುಖ್ಯ ಅಲ್ಲ. ಅದೂ ಹುಬ್ಬಳ್ಳಿ ಮಾತಿನ ನಕಲು. ಕಲಬುರಗಿ ಮಾತು ಅದರಲ್ಲಿ ಎಲ್ಲಿದೆ? ರೀಲ್ಸ್ ಬಂದ ಮೇಲೆ ನಮ್ಮ ಹುಡುಗರೇ ಹೊಲದ ಬದುವಿನ ಮೇಲೆ ನಿಂತು, ಅವ್ವನನ್ನೂ ಕಾಕಾನನ್ನೂ ನಿಲ್ಲಿಸಿಕೊಂಡು, ಮನೆಯಲ್ಲಿ ಆಡುವ ಮಾತನ್ನೇ ಆಡುತ್ತಾರೆ. ಅಲ್ಲಿ ಮಾತಿಗೆ ನಗಲ್ಲ, ವಿಷಯಕ್ಕೆ ನಗುತ್ತೇವೆ. ಸಾಲ ಕೇಳಲು ಬಂದ ಬೀಗರು, ರೊಟ್ಟಿ ಬಡಿಯುತ್ತಾ ಬೈಯುವ ಅವ್ವ, ಬಸ್ಸಿನಲ್ಲಿ ಟವೆಲ್ ಹಾಕಿ ಸೀಟು ಹಿಡಿಯೋದು. ಇದು ನನಗೆ ಹಳೇ ಸಿನಿಮಾಕ್ಕಿಂತ ಹತ್ತಿರ ಅನ್ನಿಸುತ್ತದೆ.

ಬ್ರಹ್ಮಪುರದ ಅಕ್ಕ

ಈ ಮಾತು ಒಪ್ಪುತ್ತೇನೆ. ಒಂದು ಬಿಟ್ಟು ಹೇಳಿದೆ ನೋಡು, 'ರಾಮ ಶಾಮ ಭಾಮ'. 2005ರಲ್ಲಿ ರಮೇಶ್ ಅರವಿಂದ್ ನಿರ್ದೇಶನ ಮಾಡಿದ್ದು, ತಮಿಳಿನ 'ಸತಿ ಲೀಲಾವತಿ' ರೀಮೇಕ್. ಅದರಲ್ಲಿ ಕಮಲ್ ಹಾಸನ್ ಬಾಯಲ್ಲಿ ಉತ್ತರ ಕರ್ನಾಟಕದ ಮಾತು. ಅಲ್ಲಿ ಆ ಮಾತಾಡುವವ ಆಳು ಅಲ್ಲ, ಡಾಕ್ಟರು.

ಮತ್ತೆ ಹಳೇದೆಲ್ಲ ಚಿನ್ನ ಅಂತಲೂ ನಾನು ಹೇಳಲ್ಲ. ದಪ್ಪ ಇದ್ದವರನ್ನು, ಕಪ್ಪು ಇದ್ದವರನ್ನು, ಕಿವಿ ಕೇಳದವರನ್ನು ಆಡಿಕೊಂಡು ನಗಿಸಿದ್ದು ಎಷ್ಟಿಲ್ಲ? ಟೆನ್ನಿಸ್ ಕೃಷ್ಣ, ರೇಖಾ ದಾಸ್ ಜೋಡಿ ನೋಡಿ ನಾನೂ ಹೊಟ್ಟೆ ಹಿಡಿದುಕೊಂಡು ನಕ್ಕವಳೇ. ಈಗ ಮಗಳ ಜೊತೆ ಕೂತರೆ ಕೆಲವು ಮಾತಿಗೆ ರಿಮೋಟ್ ಹುಡುಕುತ್ತೇನೆ. ಡಬಲ್ ಮೀನಿಂಗ್ ಆಗ ನಮಗೆ ಅರ್ಥ ಆಗುತ್ತಿರಲಿಲ್ಲ, ಅದೇ ನಮ್ಮ ಪುಣ್ಯ.

ಮದುವೆ ವಿಡಿಯೊದವ, ಯಾದಗಿರಿ

ಅಕ್ಕೋರೆ, ಅಷ್ಟು ಸೋಸುತ್ತಾ ಕೂತರೆ ನಗೋದಕ್ಕೆ ಏನೂ ಉಳಿಯಲ್ಲ.

ಬ್ರಹ್ಮಪುರದ ಅಕ್ಕ

ಉಳಿಯುತ್ತದೆ ತಮ್ಮಾ. ಗಣೇಶನ ಮದುವೆ ಉಳಿಯಿತಲ್ಲ?

ಗಂಜ್ ಹುಡುಗ, ಕಲಬುರಗಿ

ಭಾನುವಾರ ಮುಗೀತು. ಕೇಳಿದವರಿಗೆಲ್ಲ ವರದಿ.

ಅಕ್ಕನ ಮಾತಿನಂತೆ 'ಗಣೇಶನ ಮದುವೆ'ಯನ್ನೇ ಹಾಕಿದೆ. ಮಾಸ್ತರರ ಮಾತಿನಂತೆ ಸುಸ್ಲಾ, ಜೊತೆಗೆ ಮಿರ್ಚಿ. ಮೊದಲ ಅರ್ಧ ತಾಸು ಹುಡುಗರು ಒಂದು ಕಣ್ಣು ಟಿವಿ, ಒಂದು ಕಣ್ಣು ಫೋನ್. ಬೀದರ್ ಮಾವನವರು "ಈ ಅನಂತ್ ನಾಗ್ ಹಿಂದಿಯಲ್ಲೂ ಮಾಡ್ಯಾನಲ್ಲ" ಅಂತ ಶುರು ಮಾಡಿ 'ಅಂಕುರ್' ಕತೆ ತೆಗೆದರು, ಅವರನ್ನು ಸುಮ್ಮನಿರಿಸಲು ಅತ್ತೆಯೇ ಬೇಕಾಯಿತು.

ಎಲ್ಲಕ್ಕಿಂತ ಮಜಾ ಬಂದದ್ದು ತಂಗಿಯ ಮಗನಿಂದ. ಏಳನೇ ಕ್ಲಾಸು. ಇಬ್ಬರೂ ಒಂದೇ ವಠಾರದಲ್ಲಿದ್ದು ಪತ್ರ ಬರೆಯುತ್ತಾ ಯಾರು ಯಾರು ಅಂತ ಗೊತ್ತಾಗದೇ ಒದ್ದಾಡುತ್ತಾರಲ್ಲ, ಅಲ್ಲಿ ಅವನಿಗೆ ತಡೆಯಲಾಗಲಿಲ್ಲ. "ಮಾಮಾ, ಡಿಪಿ ನೋಡಿದ್ರ ಗೊತ್ತಾಗ್ತದಲ್ಲ?" ಅಂದ. ಫೋನೇ ಇರಲಿಲ್ಲ ಕಣೋ ಅಂದರೆ "ಮನ್ಯಾಗ ಲ್ಯಾಂಡ್‌ಲೈನ್?" ಅಂದ. ಆಗ ಅಪ್ಪಾಜಿ ಸಿನಿಮಾ ನಿಲ್ಲಿಸೋಕೆ ಹೇಳಿ ಶುರು ಮಾಡಿದರು ನೋಡಿ. ಲೈನ್ ಹಾಕಿಸಬೇಕಾದರೆ ಅರ್ಜಿ ಕೊಟ್ಟು ವರ್ಷಗಟ್ಟಲೆ ಕಾಯಬೇಕಿತ್ತು, ಬೆಂಗಳೂರಿಗೆ ಮಾತಾಡಬೇಕಾದರೆ ಟ್ರಂಕ್ ಕಾಲ್ ಬುಕ್ ಮಾಡಿ ಪೋಸ್ಟಾಫೀಸ್ ಬೆಂಚಿನ ಮೇಲೆ ಕೂತಿರಬೇಕಿತ್ತು, ಲೈನ್ ಸಿಕ್ಕರೆ ಇಡೀ ಪೋಸ್ಟಾಫೀಸಿಗೆ ಕೇಳುವ ಹಾಗೆ ಕಿರುಚಬೇಕಿತ್ತು. ಅಪ್ಪಾಜಿ ಕಿರುಚಿಯೇ ತೋರಿಸಿದರು. "ಹಲೋ! ಹಾಂ! ಹೆಣ್ಣು! ಹೆಣ್ಣು ಹುಟ್ಯಾದ! ಹೆಣ್ಣು ಅಂದೆ, ಎಣ್ಣಿ ಅಲ್ಲ!" ಅದು ನನ್ನ ತಂಗಿ ಹುಟ್ಟಿದ ಸುದ್ದಿ. ತಂಗಿ ಅಲ್ಲೇ ಕೂತಿದ್ದಳು, ಅವಳಿಗೂ ಇದು ಗೊತ್ತಿರಲಿಲ್ಲ. ಹುಡುಗ ಅಷ್ಟರಲ್ಲಿ ಫೋನ್ ಎತ್ತಿ ರೆಕಾರ್ಡ್ ಮಾಡಿಕೊಂಡಿದ್ದ. ಈಗ ಅದು ನಮ್ಮ ಫ್ಯಾಮಿಲಿ ಗ್ರೂಪ್‌ನಲ್ಲಿ ಓಡುತ್ತಿದೆ. ಹೊರಗೆ ಹಾಕಬೇಡ ಅಂತ ಹೇಳಿದ್ದೇನೆ, ಎಷ್ಟು ದಿನ ಕೇಳುತ್ತಾನೋ ಗೊತ್ತಿಲ್ಲ.

ನಡುವೆ ಕರೆಂಟ್ ಹೋಗಿ ಕೂಲರ್ ನಿಂತಿತು. ಯಾರೂ ಎದ್ದು ಹೋಗಲಿಲ್ಲ, ಬೀಸಣಿಗೆ ಹಿಡಿದು ಉಳಿದ ಕತೆಯನ್ನು ಆಳಂದದ ಅತ್ತೆ ಬಾಯಲ್ಲೇ ಹೇಳುತ್ತಿದ್ದರು. ಅವರು ಯಾವಾಗ ಕನ್ನಡ ಸಿನಿಮಾ ನೋಡಿದರೋ ಏನೋ. ಕರೆಂಟ್ ಬಂದ ಮೇಲೆ ನೋಡಿದರೆ ಅವರು ಹೇಳಿದ ಕತೆಯೇ ಬೇರೆ, ಸಿನಿಮಾದ ಕತೆಯೇ ಬೇರೆ.

ಮದುವೆ ವಿಡಿಯೊದವ, ಯಾದಗಿರಿ

ಆ ಟ್ರಂಕ್ ಕಾಲ್ ವಿಡಿಯೊ ಅಡ್ಡ ಹಿಡಿದು ತೆಗೆದಿದ್ದಾನಾ, ಉದ್ದ ಹಿಡಿದಾ?

ಗಂಜ್ ಹುಡುಗ, ಕಲಬುರಗಿ

ಉದ್ದ. ನಿಮ್ಮ ನೆನಪು ಬಂತು. ತಂಗಿಯ ಮುಖ ಬಿಟ್ಟುಹೋಗಿದೆ.

ಹಾಸ್ಟೆಲ್ ಹುಡುಗಿ, ಸೇಡಂ ರೋಡ್

ಅಣ್ಣಾ, ಯೂಟ್ಯೂಬ್‌ನಲ್ಲಿ ಯಾವ ಪ್ರಿಂಟ್ ನೋಡಿದಿರಿ? ನಾನು ಹುಡುಕಿದಾಗ ಒಂದು ಕಡೆ ಹಾಡೆಲ್ಲ ಕತ್ತರಿಸಿದ್ದರು, ಇನ್ನೊಂದು ಕಡೆ ತೆರೆ ತುಂಬಾ ಚಾನೆಲ್ ಹೆಸರು ಓಡುತ್ತಿತ್ತು.

ಮದುವೆ ವಿಡಿಯೊದವ, ಯಾದಗಿರಿ

ಸಿನಿಮಾ ಹೆಸರಿನ ಜೊತೆ "ಪೂರ್ತಿ" ಅಂತ ಹಾಕಿ ಹುಡುಕಿ, ಬಂದದ್ದರಲ್ಲಿ ಎಲ್ಲಕ್ಕಿಂತ ಉದ್ದ ಇರೋದನ್ನು ಮೊದಲು ತೆಗೆಯಿರಿ. ಎರಡು ತಾಸಿಗಿಂತ ಕಡಿಮೆ ಇದ್ದರೆ ಎಲ್ಲೋ ಕತ್ತರಿ ಬಿದ್ದಿದೆ ಅಂತಲೇ ತಿಳಿಯಿರಿ. ಮುಖಗಳು ಅಡ್ಡಕ್ಕೆ ಎಳೆದ ಹಾಗೆ ಅಗಲ ಕಂಡರೆ ಟಿವಿಯ ಸೆಟ್ಟಿಂಗ್‌ನಲ್ಲಿ ಚಿತ್ರದ ಅಳತೆ ಬದಲಿಸಿ. ಪಕ್ಕದಲ್ಲಿ ಕಪ್ಪು ಪಟ್ಟಿ ಬಂದರೆ ಬರಲಿ.

ಬೀದರ್ ಭಾಯ್

ವರದಿ ಓದಿದೆ. ಮಾವನವರನ್ನು ವಠಾರದಲ್ಲಿ ಕೂಡಿಸಿದ್ದಕ್ಕೆ ಮುಂದಿನ ಸಲ ನೀವೆಲ್ಲ ಬೀದರ್‌ಗೆ ಬರಬೇಕು. ಅಪ್ಪಾಜಿಯವರನ್ನು ಕೋಟೆ ತೋರಿಸಲು ನಾನೇ ಕರೆದುಕೊಂಡು ಹೋಗುತ್ತೇನೆ, ಅಷ್ಟರಲ್ಲಿ ನೀವು 'ಅಂಗ್ರೇಜ್' ಮುಗಿಸಿಬಿಡಿ. ಸುಸ್ಲಾ ನಿಮ್ಮದೇ ತನ್ನಿ.